ಯಂತ್ರ ನಮ್ಮ ಕೈಗೆ ಹೊಂದಬೇಕು

(ಕೆ.ಟಿ. ದೊಡ್ಡಿಯ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ನಮ್ಮ ಗದ್ವಾಲ ಸೀರೆ ನಿಮಗೆಲ್ಲ ಗೊತ್ತು. ಮೈ ಹತ್ತಿ, ಅಂಚು ರೇಷ್ಮೆ. 2010ರಲ್ಲಿ ಅದಕ್ಕೆ ಜಿ.ಐ. ಗುರುತು ಸಿಕ್ಕಿತು. ಅಂಥ ಸೀರೆಗೆ ಹೊಂದುವ ಕುಪ್ಪಸ ಹೊಲಿಯುವವರು, ಕಸೂತಿ ಹಾಕುವವರು ನಮ್ಮ ಕಡೆ ಇದ್ದಾರೆ. ಕಸೂತಿಯ ಹೂವು, ನವಿಲುಗಳನ್ನು ಈಗ ಕಂಪ್ಯೂಟರಿನಲ್ಲಿಯೂ ಬರೆಯಬಹುದು. ಅದಕ್ಕೆ ಇಂಕ್‌ಸ್ಕೇಪ್ ಎಂಬ ಸಾಫ್ಟ್‌ವೇರ್ ಇದೆ. 2003ರಲ್ಲಿ ಶುರುವಾದದ್ದು. ಇದಕ್ಕೆ ರೊಕ್ಕ ಕೊಡಬೇಕಿಲ್ಲ.

ಇದರ ಚಿತ್ರ ನಮ್ಮ ಚುಕ್ಕಿ ರಂಗೋಲಿ ಇದ್ದ ಹಾಗೆ. ಚುಕ್ಕಿ ಎಲ್ಲಿ, ಗೆರೆ ಹೇಗೆ ಎಂಬ ಲೆಕ್ಕ ಮಾತ್ರ ಇರುತ್ತದೆ. ಅಂಗೈಯಷ್ಟು ಬರೆದದ್ದನ್ನು ಅಂಗಳದಷ್ಟು ಮಾಡಿದರೂ ಚಿತ್ರ ಮಸುಕಾಗುವುದಿಲ್ಲ.

ಹೊಲಿಗೆ ಮಿಷನ್ ಮುಂದೆ ಕೂತಾಗ ಮೊದಲು ಏನು ಮಾಡ್ತೀರಿ? ದಾರದ ಬಿಗಿ ನೋಡ್ತೀರಿ. ಹೊಲಿಗೆ ಸಣ್ಣದೋ ದೊಡ್ಡದೋ, ತಿರುವಿ ಇಡ್ತೀರಿ. ಇಲ್ಲಿಯೂ ಹಾಗೇ ಮಾಡ್ರಿ. ಮೇಲಿನ ಸಾಲಿನಲ್ಲಿ 'ಎಡಿಟ್' ಒತ್ತಿರಿ. ಕೊನೆಯಲ್ಲಿ 'ಪ್ರಿಫರೆನ್ಸಸ್' ಎಂದಿರುತ್ತದೆ. ಅಂದರೆ, ನಮ್ಮ ಇಷ್ಟದಂತೆ ಹೊಂದಿಸಿಕೊಳ್ಳುವ ಜಾಗ.

ಒಂದು, ಭಾಷೆ. 'ಇಂಟರ್‌ಫೇಸ್' ಭಾಗದಲ್ಲಿ ಭಾಷೆಗಳ ಪಟ್ಟಿ ಇದೆ. ಅದರಲ್ಲಿ ಕನ್ನಡವೂ ಇದೆ. ಕನ್ನಡ ಆರಿಸಿ, ಇಂಕ್‌ಸ್ಕೇಪ್ ಮುಚ್ಚಿ ಮತ್ತೆ ತೆರೆಯಿರಿ. ಎಲ್ಲ ಮಾತೂ ಕನ್ನಡಕ್ಕೆ ಬಂದಿಲ್ಲ. ಬಂದಷ್ಟನ್ನು ನೀವೇ ಓದಬಲ್ಲಿರಿ. ಇನ್ನೊಬ್ಬರ ಬಾಯಿ ನೋಡಬೇಕಿಲ್ಲ.

ಎರಡು, ಗೆರೆಯ ದಪ್ಪ. ತೋಳಿಗೆ ಎರಡು ಇಂಚಿನ ಹೂವು ಬರೆದಿರಿ. ಬೆನ್ನಿಗೆ ಅದನ್ನೇ ನಾಲ್ಕು ಇಂಚು ಮಾಡಿದಿರಿ. ಗೆರೆಯೂ ಎರಡು ಪಟ್ಟು ದಪ್ಪ ಆಗಿಬಿಡುತ್ತದೆ! ಆದರೆ ಕಸೂತಿ ದಾರ ಅದೇ ಅಲ್ಲವೇ? 'ಬಿಹೇವಿಯರ್' ಒಳಗೆ 'ಟ್ರಾನ್ಸ್‌ಫಾರ್ಮ್ಸ್' ತೆರೆಯಿರಿ. 'ಸ್ಕೇಲ್ ಸ್ಟ್ರೋಕ್ ವಿಡ್ತ್' ಎಂಬುದರ ಮುಂದಿನ ಗುರುತು ತೆಗೆಯಿರಿ. ಆಗ ಹೂವು ಮಾತ್ರ ದೊಡ್ಡದಾಗುತ್ತದೆ, ಗೆರೆ ಇದ್ದಷ್ಟೇ ಇರುತ್ತದೆ.

ಮೂರು, ಕರೆಂಟು. ಅರ್ಧ ದಿನ ಬರೆದ ಚಿತ್ರ ಕರೆಂಟು ಹೋದರೆ ಅಳಿಸಿಹೋದೀತು. ಆ ದಿನದ ಕೂಲಿಯೂ ಹೋಯಿತು. 'ಇನ್‌ಪುಟ್/ಔಟ್‌ಪುಟ್' ಭಾಗದ 'ಆಟೋಸೇವ್' ನೋಡಿರಿ. ಗುರುತು ಇಲ್ಲದಿದ್ದರೆ ಹಾಕಿರಿ. 10 ನಿಮಿಷ ಎಂದಿದ್ದರೆ 3 ಮಾಡಿರಿ. ಆದರೂ ನಡುನಡುವೆ ನೀವೇ ಸೇವ್ ಮಾಡುವುದನ್ನು ಬಿಡಬೇಡಿರಿ.

"ಏನಾದರೂ ಕೆಟ್ಟರೆ?" ಎಂದು ಹೆದರಿಕೆಯೇ? 'ಸಿಸ್ಟಮ್' ಭಾಗದಲ್ಲಿ 'ರೀಸೆಟ್ ಪ್ರಿಫರೆನ್ಸಸ್' ಎಂಬ ಗುಂಡಿ ಇದೆ. ಒತ್ತಿದರೆ ಎಲ್ಲವೂ ಮೊದಲಿನಂತೆ ಆಗುತ್ತದೆ. ನೀವು ಸೇವ್ ಮಾಡಿದ ಚಿತ್ರಗಳಿಗೆ ಏನೂ ಆಗುವುದಿಲ್ಲ.

ಬಂಧುಗಳೇ, ಅಕ್ಷರ ಕಲಿತದ್ದು ಸಹಿ ಹಾಕಲಿಕ್ಕೆ ಮಾತ್ರ ಅಲ್ಲ. ಯಂತ್ರದ ಮೇಲೆ ಬರೆದದ್ದನ್ನು ಓದಿ, ಅದನ್ನು ನಮ್ಮ ಕೆಲಸಕ್ಕೆ ಹೊಂದಿಸಲಿಕ್ಕೂ ಹೌದು. ಏನು ಬದಲಿಸಿದಿರಿ ಎಂಬುದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಮುಂದಿನ ವಾರ ಒಬ್ಬರಿಗೊಬ್ಬರು ಓದಿ ಹೇಳೋಣ.