ಒಂದು ಶಿಫಾರಸಿನ ಬೆಲೆ

(ಸಂಘದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲೇಖನರೂಪ)



ಸ್ವೀಡನ್ನಿನ ಇಲೆಕ್ಟ್ರಾನಿಕ್ ಪಾಪ್ ಸಂಗೀತದ ಬಗ್ಗೆ ಮಾತನಾಡುವೆನೆಂದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಮೌನವಾದರು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರನ್ನು ಕೇಳುತ್ತ ಬೆಳೆದ ಈ ಸಭೆಗೆ ಯಂತ್ರದ ಸದ್ದೇಕೆ ಎಂಬ ಪ್ರಶ್ನೆ ಆ ಮೌನದಲ್ಲಿತ್ತು. ಅದು ಬಹುಕಾಲ ನನ್ನ ಪ್ರಶ್ನೆಯೂ ಆಗಿತ್ತು.

ಅದನ್ನು ಸಡಿಲಿಸಿದವಳು ನನ್ನ ಮೆಚ್ಚಿನ ಗಾಯಕಿ ರಾಬಿನ್. 1979ರಲ್ಲಿ ಸ್ಟಾಕ್‌ಹೋಮಿನಲ್ಲಿ ಜನಿಸಿದ ಈಕೆ ಹದಿಹರೆಯದಲ್ಲೇ ಹೆಸರು ಮಾಡಿದವಳು. 1997ರಲ್ಲಿ ಈಕೆಯ ಎರಡು ಗೀತೆಗಳು ಅಮೆರಿಕೆಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಸ್ಥಾನ ಪಡೆದವು. ನಯವಾದ ಧಾಟಿ, ಆಪ್ತವಾದ ಕಂಠ, ನಾನು ಮಾರುಹೋದೆ. ಆದರೆ 2005ರಲ್ಲಿ ತನ್ನ ಹೆಸರನ್ನೇ ಇಟ್ಟು ಆಕೆ ಹೊರತಂದ ಧ್ವನಿಮುದ್ರಿಕೆಯ ‘ಹೂಸ್ ದಟ್ ಗರ್ಲ್’ ಎಂಬ ಹಾಡು ನನ್ನನ್ನು ತಬ್ಬಿಬ್ಬುಗೊಳಿಸಿತು. ಸಿಂಥಸೈಜರಿನ ಆ ಒರಟು ನಾದದಲ್ಲಿ ಹಳೆಯ ನಯದ ಸುಳಿವೇ ಇರಲಿಲ್ಲ. ಹಾಡನ್ನು ರೂಪಿಸಿದವರ ಹೆಸರು ‘ದಿ ನೈಫ್’ ಎಂದಿತ್ತು.

ನಮ್ಮಲ್ಲಿ ಶಿಫಾರಸು ಎಂದರೆ ದೊಡ್ಡವರು ಬರೆದುಕೊಡುವ ಚೀಟಿ. ಬರೆದವರು ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ. ರಾಬಿನ್ ಮಾಡಿದ ಶಿಫಾರಸು ಬೇರೆ ಬಗೆಯದು. ಈ ಹಾಡು ಆಕೆಯ ಕಂಪನಿಗೆ ರುಚಿಸಲಿಲ್ಲ. ಆಕೆ ಹಾಡನ್ನು ಬಿಡದೆ ಕಂಪನಿಯನ್ನೇ ಬಿಟ್ಟಳು. 2005ರಲ್ಲಿ ‘ಕೊನಿಚಿವಾ ರೆಕಾರ್ಡ್ಸ್’ ಎಂಬ ಸ್ವಂತ ಸಂಸ್ಥೆ ಕಟ್ಟಿ, ಅದರ ಮೂಲಕವೇ ಮುದ್ರಿಕೆಯನ್ನು ಹೊರತಂದಳು. ತನ್ನ ಭವಿಷ್ಯವನ್ನು ಪಣಕ್ಕಿಟ್ಟು ಒಬ್ಬ ಕಲಾವಿದೆ ಇನ್ನೊಬ್ಬರ ಕಡೆಗೆ ಬೆರಳು ತೋರಿಸಿದಾಗ, ಆ ಕಡೆಗೊಮ್ಮೆ ಕಿವಿಗೊಡುವುದು ಕೇಳುಗನ ಋಣ.

ದಿ ನೈಫ್ ಎಂದರೆ ಕಾರಿನ್ ಮತ್ತು ಓಲೋಫ್ ಡ್ರೇಯೆರ್ ಎಂಬ ಒಡಹುಟ್ಟಿದವರ ಜೋಡಿ. ಗೋಥೆನ್‌ಬರ್ಗ್ ಮೂಲದ ಇವರು 1999ರಿಂದ 2014ರವರೆಗೆ ಜೊತೆಯಾಗಿ ಸಂಗೀತ ರಚಿಸಿದರು. ಛಾಯಾಚಿತ್ರಗಳಲ್ಲಿ ಮುಖವಾಡ ಧರಿಸಿ ನಿಂತರು. ‘ಡೀಪ್ ಕಟ್ಸ್’ (2003) ಬಂದ ಬಳಿಕ ತಮ್ಮ ದೇಶದ ‘ಗ್ರಾಮಿಸ್’ ಪ್ರಶಸ್ತಿ ದೊರೆತಾಗ ತಾವು ಹೋಗದೆ, ಗೊರಿಲ್ಲಾ ವೇಷದ ಇಬ್ಬರನ್ನು ಕಳಿಸಿ, ಸಂಗೀತೋದ್ಯಮದ ಪುರುಷಪ್ರಾಬಲ್ಯವನ್ನು ಪ್ರತಿಭಟಿಸಿದರು. ‘ಸೈಲೆಂಟ್ ಶೌಟ್’ (2006) ಮುದ್ರಿಕೆಯಲ್ಲಿ ಕಾರಿನ್ ಅವರ ಕಂಠವನ್ನು ಯಂತ್ರದಿಂದ ಎಷ್ಟು ತಗ್ಗಿಸಿದ್ದಾರೆಂದರೆ, ಹಾಡುತ್ತಿರುವುದು ಹೆಣ್ಣೋ ಗಂಡೋ ಎಂಬ ನಮ್ಮ ನಿಶ್ಚಯವೇ ಅಲುಗುತ್ತದೆ. ವೇದಿಕೆಯ ಪ್ರತಿಭಟನೆ ಇಲ್ಲಿ ನಾದದೊಳಕ್ಕೇ ಇಳಿದಿದೆ.

ಯಂತ್ರವನ್ನು ತೆಗೆದರೆ ಉಳಿಯುವುದೇನು ಎಂದು ತಾವು ಕೇಳಬಹುದು. ಇವರ ‘ಹಾರ್ಟ್‌ಬೀಟ್ಸ್’ ಗೀತೆಯನ್ನು ಗೋಥೆನ್‌ಬರ್ಗಿನವನೇ ಆದ ಹೊಸೆ ಗೊನ್ಸಾಲೆಸ್ ಬರಿಯ ಗಿಟಾರಿನೊಂದಿಗೆ ಹಾಡಿದ್ದಾನೆ. 2005ರ ಟೆಲಿವಿಷನ್ ಜಾಹೀರಾತೊಂದರ ಮೂಲಕ ಅದು ಹೊರದೇಶಗಳಿಗೂ ತಲುಪಿತು. ಯಂತ್ರವಿಲ್ಲದೆಯೂ ಹಾಡು ಗಟ್ಟಿಯಾಗಿ ನಿಲ್ಲುತ್ತದೆ.

ಇವರೆಲ್ಲ ಇಂಗ್ಲಿಷಿನಲ್ಲಿ ಹಾಡುವವರೆಂಬುದು ಕನ್ನಡಿಗನಾದ ನನ್ನನ್ನು ಕಾಡದಿರಲಿಲ್ಲ. ಸ್ವೀಡಿಷ್ ಸುಮಾರು ಒಂದು ಕೋಟಿ ಜನರ ನುಡಿ. ಆದರೆ ಅಲ್ಲಿಯ ‘ಕೆಂಟ್’ ತಂಡ ಎರಡು ಮುದ್ರಿಕೆಗಳನ್ನು ಇಂಗ್ಲಿಷಿನಲ್ಲೂ ತಂದು ನೋಡಿ, ಆಮೇಲೆ ಆ ಹಂಬಲ ಬಿಟ್ಟು ಸ್ವೀಡಿಷಿನಲ್ಲೇ ಮುಂದುವರಿಯಿತು. 2007ರಲ್ಲಿ ಇಲೆಕ್ಟ್ರಾನಿಕ್ ನಾದವನ್ನೂ ತನ್ನ ನುಡಿಗೆ ಒಗ್ಗಿಸಿಕೊಂಡಿತು.

ಈಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ತರುಣನೊಬ್ಬ, ತಾನೇ ಬರೆದು ಕಂಪ್ಯೂಟರಿನಲ್ಲಿ ಸ್ವರ ಹೊಂದಿಸಿದ ಕನ್ನಡ ಹಾಡುಗಳನ್ನು ರಾಜ್ಯೋತ್ಸವದಲ್ಲಿ ಹಾಡಲು ಅವಕಾಶ ಕೇಳಿದ್ದ. ಮನೆಯಲ್ಲಿ ಸ್ವೀಡನ್ನಿನ ಹಾಡುಗಳನ್ನು ಆಲಿಸುತ್ತಿದ್ದ ನಾನೇ, ಕಾರ್ಯಕ್ರಮ ಸಮಿತಿಯ ಕುರ್ಚಿಯಲ್ಲಿ ಕುಳಿತು, ಸಭಿಕರಿಗೆ ಇದು ಹಿಡಿಸದು ಎಂದು ಪೂರ್ತಿ ಕೇಳದೆ ಹಿಂದಕ್ಕೆ ಕಳಿಸಿದೆ. ರಾಬಿನ್‌ಳ ಕಂಪನಿಗೂ ನನಗೂ ಏನು ವ್ಯತ್ಯಾಸ? ಹೊರನಾಡಿನಲ್ಲಿ ಹುಟ್ಟಿ ಬೆಳೆದ ಹುಡುಗ ಕನ್ನಡದಲ್ಲಿ ಹಾಡು ಕಟ್ಟಿದ್ದನೆಂಬುದನ್ನೂ ನಾನು ಗಮನಿಸಲಿಲ್ಲ. ಅಂದಿನಿಂದ ಅವನು ಸಂಘದ ಮೆಟ್ಟಿಲು ಹತ್ತಿಲ್ಲ.

ಮುಂದಿನ ರಾಜ್ಯೋತ್ಸವಕ್ಕೆ ಅವನನ್ನು ಆಹ್ವಾನಿಸಬೇಕೆಂದು ಸಮಿತಿಯಲ್ಲಿ ನನ್ನ ವಿನಂತಿ. ಮನೆಗೆ ಹೋಗಿ ಕ್ಷಮೆ ಕೇಳಿ ಕರೆಯುವ ಕೆಲಸ ನನ್ನದು. ಹಾಡು ತಮಗೆ ಹಿಡಿಸದಿದ್ದರೆ ತಮ್ಮ ಮಾತಿಗೆ ತಲೆಬಾಗಬೇಕಾದವನೂ ನಾನೇ; ಏಕೆಂದರೆ ಶಿಫಾರಸು ನನ್ನದು.