ಹಳೇ ಎಂಜಿಬಿಯ ಟಕ್ ಟಕ್ ಸದ್ದು

ಇಂಗ್ಲೆಂಡಿನಲ್ಲಿರೋ ನಮ್ಮ ದೊಡ್ಡಪ್ಪನ ಮಗನ ಹತ್ರ 1972ರ ಎಂಜಿಬಿ ಸ್ಪೋರ್ಟ್ಸ್ ಕಾರಿದೆ. ಗುಂಡಿಗೆ ಇಳಿದರೆ ಸಾಕು, ಮುಂದುಗಡೆ ಟಕ್ ಟಕ್. ಟೆಲಿಸ್ಕೋಪಿಕ್ ಶಾಕ್, ಪಾಲಿಯೂರಿಥೇನ್ ಬುಷ್ ಎಲ್ಲಾ ಹಾಕಿಸ್ತೀನಿ ಅಂತ ಲಿಸ್ಟ್ ಕಳಿಸಿದ್ದ. ನಾನು ಬಿಕಾಂ, ಕಣ್ಣಿಗೆ ಬಿದ್ದಿದ್ದು ಟೋಟಲ್ ಮಾತ್ರ!

ನಮ್ಮ ಏರಿಯಾದ ಮೆಕ್ಯಾನಿಕ್‌ನ ಕೇಳಿ, "ಅಣ್ಣಾ, ಮೊದಲು ಚಕ್ರ ಅಲ್ಲಾಡಿಸಿ ನೋಡು" ಅಂದೆ. ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದ. ಪ್ಲೇ ಇತ್ತು. ಅತ್ತಿಗೆ ಬ್ರೇಕ್ ಒತ್ತಿ ಹಿಡಿದರು, ಆಗಲೂ ಹೋಗಲಿಲ್ಲ. ಹೋಗಿದ್ದರೆ ವೀಲ್ ಬೇರಿಂಗ್. ಇಲ್ಲಿ ಸವೆದಿದ್ದು ಕಿಂಗ್‌ಪಿನ್.

ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗೋದೇ ಆ ಪಿನ್ ಮೇಲೆ. ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್. ವರ್ಷಗಟ್ಟಲೆ ಯಾರೂ ಗ್ರೀಸ್ ಹೊಡೆದಿರಲಿಲ್ಲ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ಇದನ್ನ ಹಿಡಿಯೋಕೆ ಬೇರೆ ಯಾರೂ ಇರಲಿಲ್ಲ. ಅದೇ ಕಾರಲ್ಲಿ ಮಗಳನ್ನ ಕೂರಿಸ್ಕೊಂಡು ಓಡಾಡ್ತಿದ್ದ!

ಇನ್ನು ಶಾಕ್. ಇದರಲ್ಲಿ ಮುಂದಿನ ಲಿವರ್ ಶಾಕ್‌ನ ತೋಳೇ ಸಸ್ಪೆನ್ಶನ್ನಿನ ಮೇಲಿನ ತೋಳು. ಎಣ್ಣೆ ಸೋರ್ತಿರಲಿಲ್ಲ, ಹಾಗೇ ಬಿಟ್ಟ. ಕಿಂಗ್‌ಪಿನ್ ಎರಡೂ ಬದಿ ಬದಲಾಯ್ತು, ಕೆಳಗಿನ ಬುಷ್‌ಗಳೂ ಹೊಸವು, ಆದ್ರೆ ರಬ್ಬರಿನವೇ. ಸದ್ದು ನಿಂತಿದೆ. ಆ ಲಿಸ್ಟ್ ಮಾತ್ರ ಇನ್ನೂ ಫೋನಲ್ಲೇ ಇಟ್ಕೊಂಡಿದ್ದಾನೆ.