ಇಂಗ್ಲಿಷ್ ವಾಕ್ಯದಲ್ಲಿ ಸಮೂಹನಾಮ

ಇಂಗ್ಲಿಷ್ ವ್ಯಾಕರಣದಲ್ಲಿ ಸಮೂಹನಾಮವೆಂಬುದು ಒಂದು ಸಣ್ಣ ಪ್ರಕರಣ. ಹಲವು ವ್ಯಕ್ತಿಗಳ, ಪ್ರಾಣಿಗಳ ಅಥವಾ ವಸ್ತುಗಳ ಗುಂಪನ್ನು ಒಂದೇ ಮಾತಿನಿಂದ ಹೇಳುವ ನಾಮಪದಕ್ಕೆ ಆ ಹೆಸರು. ಇದನ್ನು ಕಲಿಸುವ ಕ್ರಮವು ಬಹುಮಟ್ಟಿಗೆ ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿಸುವುದೇ ಆಗಿದೆ: ಸಿಂಹಗಳಿಗೆ ‘ಪ್ರೈಡ್’, ಕಾಗೆಗಳಿಗೆ ‘ಮರ್ಡರ್’, ಹೀಗೆ. ಈ ಪಟ್ಟಿಯ ಬೇರನ್ನು ಅರಸುತ್ತ ಹೋದರೆ 1486ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ‘ಸೇಂಟ್ ಆಲ್ಬನ್ಸ್ ಗ್ರಂಥ’ದ ಬಳಿಗೆ ಬರುತ್ತೇವೆ. ಅದು ಬೇಟೆ ಮೊದಲಾದ ಶ್ರೀಮಂತರ ವಿನೋದಗಳನ್ನು ಕುರಿತ ಪುಸ್ತಕ. ಅದರಲ್ಲಿರುವ ಗುಂಪು ಹೆಸರುಗಳಲ್ಲಿ ಎಷ್ಟೋ ಬರಿಯ ಪರಿಹಾಸ್ಯ. ಕಾಗೆಗಳ ಹಿಂಡಿಗೆ ಇಂಗ್ಲಿಷಿನವನು ಏನೆನ್ನುತ್ತಾನೆಂಬುದನ್ನು ಬಲ್ಲ ವಿದ್ಯಾರ್ಥಿಯೇ ‘ಕ್ಯಾಟ್ಲ್ ಈಸ್ ಗ್ರೇಜಿಂಗ್’ ಎಂದು ಬರೆದು ಗುಣಾಂಕವನ್ನು ಕಳೆದುಕೊಳ್ಳುತ್ತಾನೆ. ಬಾಯಿಪಾಠ ಮಾಡಿದ ಪಟ್ಟಿ ಅವನ ನೆರವಿಗೆ ಬರುವುದಿಲ್ಲ.

ಅಷ್ಟು ದೂರ ಹೋಗುವ ಅವಶ್ಯಕತೆಯೂ ನಮಗಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಗುಂಪು ಹೆಸರುಗಳಿಗೆ ಬರವಿದೆಯೇ? ದನದ ಮಂದೆ, ಕುರಿಯ ಹಿಂಡು, ಅಡಕೆಯ ಗೊನೆ, ಹುಲ್ಲಿನ ಹೊರೆ, ಪೈರಿನ ಸಿವುಡು, ಇರುವೆಯ ಸಾಲು: ಒಂದೊಂದು ಗುಂಪಿಗೂ ಒಂದೊಂದು ಮಾತು. ಅಜ್ಜಂಪುರದಲ್ಲಿಯಂತೂ 1929ರಿಂದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವಿದೆ. ಆದುದರಿಂದ ನಾವು ಆ ಕಾವಲಿನ ದನಗಳನ್ನೇ ಮುಂದಿಟ್ಟುಕೊಂಡು ವಿಚಾರ ಮಾಡೋಣ.

‘ದಿ ಹರ್ಡ್ ಈಸ್ ಗ್ರೇಜಿಂಗ್’ ಎಂಬ ವಾಕ್ಯದಲ್ಲಿ ‘ಹರ್ಡ್’ ಎಂದರೆ ಮಂದೆ. ನೂರು ದನಗಳಿದ್ದರೂ ಮಂದೆಯೊಂದು, ಕ್ರಿಯಾಪದವೂ ಏಕವಚನದಲ್ಲಿದೆ. ‘ಟೂ ಹರ್ಡ್ಸ್’ ಎಂದರೆ ಎರಡು ಮಂದೆಗಳು. ಸಮೂಹನಾಮದ ಮೊದಲನೆಯ ಗುರುತು ಇದು: ಒಳಗೆ ಹಲವಿದ್ದರೂ ಹೊರಗೆ ಅದು ಒಂದು, ಎರಡು ಎಂದು ಎಣಿಸಿಕೊಳ್ಳುತ್ತದೆ. ‘ಫರ್ನಿಚರ್’ ಎಂಬ ಮಾತಿನಲ್ಲಿ ಕುರ್ಚಿ, ಮೇಜು, ಮಂಚಗಳೆಲ್ಲ ಅಡಗಿವೆ, ನಿಜ. ಆದರೆ ‘ಎ ಫರ್ನಿಚರ್’ ಎಂದಾಗಲಿ ‘ಫರ್ನಿಚರ್ಸ್’ ಎಂದಾಗಲಿ ಅನ್ನಲಾಗದು. ಅದು ನೀರು, ಹಿಟ್ಟುಗಳಂತೆ ರಾಶಿಯ ಮಾತು.

ಎರಡನೆಯದಾಗಿ, ಶಬ್ದವನ್ನು ವಾಕ್ಯದಿಂದ ಕಿತ್ತು ನೋಡಬಾರದು. ‘ದಿ ಬಾಯ್ ಹರ್ಡ್ಸ್ ದಿ ಕ್ಯಾಟ್ಲ್’ ಎಂಬಲ್ಲಿ ‘ಹರ್ಡ್ಸ್’ ಕ್ರಿಯಾಪದ. ಹುಡುಗ ದನ ಕಾಯುತ್ತಾನೆಂದು ಅರ್ಥ. ತಳಿಕೇಂದ್ರದ ‘ಸ್ಟಾಫ್’ ಎಂದರೆ ಅಲ್ಲಿನ ನೌಕರವರ್ಗ. ಅದೇ ಕೇಂದ್ರದ ದನಗಾಹಿಯು ಊರಿಕೊಂಡು ನಿಂತ ‘ಸ್ಟಾಫ್’ ಬರಿಯ ದೊಣ್ಣೆ. ಒಂದು ಸಮೂಹನಾಮ, ಇನ್ನೊಂದು ಅಲ್ಲ. ಇದನ್ನು ಯಾವ ಪಟ್ಟಿಯೂ ಹೇಳಿಕೊಡಲಾರದು.

ಇನ್ನು ನಿಜವಾದ ತೊಡಕಿಗೆ ಬರೋಣ. ‘ದಿ ಕಮಿಟಿ ಹ್ಯಾಸ್ ಅಗ್ರೀಡ್’ ಎಂದೂ ಬರೆಯುತ್ತಾರೆ, ‘ದಿ ಕಮಿಟಿ ಆರ್ ಕ್ವಾರೆಲಿಂಗ್’ ಎಂದೂ ಬರೆಯುತ್ತಾರೆ. ಒಂದೇ ನಾಮಪದಕ್ಕೆ ಎರಡು ವಚನವೇಕೆ? ಕನ್ನಡದಲ್ಲಿ ಹೇಳಿ ನೋಡಿದರೆ ಗುಟ್ಟು ಬಯಲಾಗುತ್ತದೆ. ‘ಸಮಿತಿ ಒಪ್ಪಿತು’ ಎನ್ನುತ್ತೇವೆ. ಆದರೆ ‘ಸಮಿತಿ ತಮ್ಮತಮ್ಮಲ್ಲಿ ಜಗಳವಾಡಿತು’ ಎಂದರೆ ಕಿವಿಗೆ ಹಿತವಾಗದು. ‘ಸಮಿತಿಯವರು ಜಗಳವಾಡಿದರು’ ಎನ್ನಬೇಕು. ಗುಂಪಿನ ಒಳಗಿನವರು ಬಿಡಿಬಿಡಿಯಾಗಿ ಕಾಣಿಸಿಕೊಂಡಾಗ ನಾವು ನಾಮಪದಕ್ಕೆ ‘ಅವರು’ ಎಂಬುದನ್ನು ಸೇರಿಸುತ್ತೇವೆ: ಸಭೆಯವರು, ಮನೆಯವರು, ಸರಕಾರದವರು. ಇಂಗ್ಲಿಷಿನವನು ನಾಮಪದವನ್ನು ಮುಟ್ಟುವುದಿಲ್ಲ, ಕ್ರಿಯಾಪದವನ್ನು ಬದಲಿಸುತ್ತಾನೆ. ಕನ್ನಡದಲ್ಲಿ ‘ಅವರು’ ಬೇಕೆನಿಸಿದ ಕಡೆಯಲ್ಲಿ ಇಂಗ್ಲಿಷಿನಲ್ಲಿ ಬಹುವಚನ ಸಲ್ಲುತ್ತದೆಂದು ತಿಳಿಯಬಹುದು. ಅಮೆರಿಕದವರು ಮಾತ್ರ ಇಂಥ ಕಡೆಯೂ ಸಾಮಾನ್ಯವಾಗಿ ಏಕವಚನವನ್ನೇ ಮೆಚ್ಚುತ್ತಾರೆ. ಅದು ಅವರ ರೂಢಿ.

ಈ ಭೇದವು ಬರಿಯ ವ್ಯಾಕರಣದ ಮಾತಲ್ಲವೆಂಬುದಕ್ಕೆ ಅಮೃತಮಹಲಿನ ಚರಿತ್ರೆಯೇ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಮೊದಲು ಅದು ಇಲಾಖೆಯ ಹೆಸರು. ಆಮೇಲೆ ಆ ಇಲಾಖೆಯ ದನಗಳ ಹೆಸರು. ಈಗ ಒಂದು ತಳಿಯ ಹೆಸರು. ಈ ಎತ್ತುಗಳು ದಂಡಿನ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದು ಹೆಸರಾದವು. 1799ರ ಅನಂತರ ಆಂಗ್ಲರ ಕೈ ಸೇರಿದ ಈ ಮಂದೆಗಳನ್ನು 1860ರಲ್ಲಿ ಖರ್ಚು ಉಳಿಸುವ ಉದ್ದೇಶದಿಂದ ಮಾರಿಬಿಟ್ಟರು. ಇದನ್ನು ಇಂಗ್ಲಿಷಿನಲ್ಲಿ ಹೇಳಹೊರಟವನು ಒಂದು ಕ್ಷಣ ತಡೆಯಬೇಕಾಗುತ್ತದೆ. ‘ದಿ ಹರ್ಡ್ ವಾಸ್ ಸೋಲ್ಡ್’ ಎಂದರೆ ಮಂದೆಯು ಮಂದೆಯಾಗಿಯೇ ಕೈ ಬದಲಾಯಿಸಿತೆಂದು ಅನಿಸಬಹುದು. ‘ದಿ ಹರ್ಡ್ ವರ್ ಸೋಲ್ಡ್ ಟು ಡಿಫರೆಂಟ್ ಬಯರ್ಸ್’ ಎಂದರೆ ದನಗಳು ಬೇರೆಬೇರೆಯವರ ಪಾಲಾಗಿ ಚೆದುರಿದುವು. ಮೊದಲನೆಯದರಲ್ಲಿ ತಳಿ ಉಳಿಯುತ್ತದೆ. ಎರಡನೆಯದರಲ್ಲಿ ದನಗಳು ಬದುಕಿದ್ದರೂ ತಳಿಗೆ ಅಪಾಯ. ಆರು ವರ್ಷಗಳ ಮೇಲೆ, 1866ರಲ್ಲಿ, ಸರಕಾರವು ಮತ್ತೆ ಮಂದೆ ಕಟ್ಟಲು ತೊಡಗಬೇಕಾಯಿತೆಂಬುದನ್ನು ನೆನೆದರೆ ‘ವಾಸ್’, ‘ವರ್’ಗಳ ನಡುವಣ ಅಂತರ ಎಷ್ಟೆಂಬುದು ಮನಸ್ಸಿಗೆ ಬರುತ್ತದೆ.

ಭೂತಕಾಲದ ಕ್ರಿಯಾಪದವು ಅನೇಕ ವೇಳೆ ವಚನವನ್ನು ಮರೆಮಾಡುತ್ತದೆ. ‘ದಿ ಹರ್ಡ್ ಗ್ರೇಜ್ಡ್’ ಎಂದಾಗ ಏಕವೋ ಬಹುವೋ ತಿಳಿಯದು. ಆಗ ಮುಂದೆ ಬರುವ ಸರ್ವನಾಮವನ್ನು ನೋಡಬೇಕು: ‘ಇಟ್ಸ್’ ಇದ್ದರೆ ಒಂದು, ‘ದೇರ್’ ಇದ್ದರೆ ಹಲವು. ‘ಎ ಹರ್ಡ್ ಆಫ್ ಬುಲಕ್ಸ್’ ಎಂಬಲ್ಲಿ ಕ್ರಿಯಾಪದಕ್ಕೆ ಹತ್ತಿರವಿರುವ ‘ಬುಲಕ್ಸ್’ ನೋಡಿ ಮೋಸಹೋಗಬಾರದೆಂಬುದನ್ನು ಉಪಾಧ್ಯಾಯರು ಹೇಳಿಯೇ ಇರುತ್ತಾರೆ.

ಉಳಿದದ್ದು ‘ಕ್ಯಾಟ್ಲ್’. ಇದಕ್ಕೆ ‘ಎಸ್’ ಹತ್ತುವುದಿಲ್ಲ, ಆದರೂ ಕ್ರಿಯಾಪದ ಯಾವಾಗಲೂ ಬಹುವಚನ: ‘ದಿ ಕ್ಯಾಟ್ಲ್ ಆರ್ ಗ್ರೇಜಿಂಗ್’. ‘ಪೀಪಲ್’, ‘ಪೊಲೀಸ್’ಗಳಿಗೂ ಇದೇ ನಿಯಮ. ವಿಚಿತ್ರವೆಂದು ವಿದ್ಯಾರ್ಥಿಗಳು ಗೊಣಗುತ್ತಾರೆ. ಆದರೆ ಸಂಜೆ ಹೊತ್ತಿನಲ್ಲಿ ಅಜ್ಜಂಪುರದ ಕಡೆಯ ಯಾವ ಹಳ್ಳಿಯಲ್ಲಾದರೂ ನಿಂತು ಕೇಳಿದರೆ ‘ದನ ಬಂದುವು’ ಎಂಬ ಮಾತು ಕಿವಿಗೆ ಬೀಳುತ್ತದೆ. ‘ಗಳು’ ಇಲ್ಲ, ಕ್ರಿಯಾಪದ ಮಾತ್ರ ಬಹುವಚನ. ‘ಜನ ಬಂದರು’ ಎಂಬುದೂ ಹಾಗೆಯೇ. ‘ಮಂದೆ ಬಂತು’, ‘ದನ ಬಂದುವು’ ಎಂದು ಸರಿಯಾಗಿ ಬೇರ್ಪಡಿಸಿ ಆಡುವ ಹುಡುಗನಿಗೆ ‘ಹರ್ಡ್ ಈಸ್’, ‘ಕ್ಯಾಟ್ಲ್ ಆರ್’ ಎಂಬುದನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಅವನ ಮನೆಮಾತಿನಲ್ಲಿಯೇ ಅದು ಇದೆಯೆಂದು ತೋರಿಸಿಕೊಟ್ಟರೆ ಆಯಿತು.